ಶಿಹಾಬನಿಗೆ, ಮೊದಲ ಮದುವೆಯ ಹಿಂದಿನ ರಾತ್ರಿ

ಬ್ಯಾಟರಿಗಳನ್ನು ಒಳಜೇಬಿನಲ್ಲಿಟ್ಟುಕೋ, ಎದೆಗೆ ತಾಗುವಂತೆ.
ಡಿಸೆಂಬರಿನ ವಿರಾಜಪೇಟೆ ಬೆಳಗಿನ ಆರಕ್ಕೆ
ತುಂಬಿದ ಬ್ಯಾಟರಿಯನ್ನೂ ಅರ್ಧ ಕುಡಿದುಬಿಡುತ್ತದೆ.
ಚಳಿಯಿಂದ ನೇರ ಅಡುಗೆಯವರತ್ತ ನುಗ್ಗಬೇಡ:
ಕಡಂಬುಟ್ಟಿನ ಹಬೆ ಲೆನ್ಸಿಗೆ ಮುಸುಕು ಹಾಕುತ್ತದೆ,
ಅಂಗಿಯ ಚುಂಗಿನಲ್ಲಿ ಒರೆಸಿದೆಯೋ, ಕೆಟ್ಟೆ.
ಕಾಲು ಗಂಟೆ ಚೀಲದಲ್ಲೇ ಇರಲಿ ಕ್ಯಾಮೆರಾ,
ಹೊಸ ಸೊಸೆಯ ಹಾಗೆ, ಮನೆಯ ಗಾಳಿಗೆ ಒಗ್ಗಲಿ.

ಕುಪ್ಯದ ಕಪ್ಪು ಕ್ಯಾಮೆರಾದ ಕೈಯಲ್ಲಿ ಸುಳ್ಳು ಹೇಳಿಸುತ್ತದೆ.
ಗಂಡಸರು ಸಾಲಾಗಿ ನಿಂತರೆ ಸಾಕು,
ಅದು ರಾತ್ರಿಯಾಯಿತೆಂದು ಬಗೆದು ಬೆಳಕು ಸುರಿಯುತ್ತದೆ;
ಕಪ್ಪು ಬೂದಿಯಾಗುತ್ತದೆ, ಮುಖ ಸುಣ್ಣ.
ಒಂದು ಮೆಟ್ಟಿಲು ಇಳಿಸು.
ಮದುಮಗ ಬಂದಾಗ, ಬಿಳಿ ಕುಪ್ಯ, ಮಂಡೆತುಣಿ,
ಇಳಿಸಿದ್ದನ್ನು ಏರಿಸು. ಮರೆತು
ಒಂದು ಇಡೀ ಮದುವೆಗೆ ಬೂದು ಬಳಿದವಳು ನಾನು.
ಅವರು ಇವತ್ತಿಗೂ ನನ್ನ ಕಂಡರೆ ರಸ್ತೆ ದಾಟುತ್ತಾರೆ.

ಪೀಚೆಕತ್ತಿಯ ಬೆಳ್ಳಿಗೆ ಎದುರಿಂದ ಫ್ಲ್ಯಾಶ್ ಬೇಡ,
ಕಿಟಕಿಗೆ ಓರೆಯಾಗಿ ನಿಲ್ಲಿಸು, ಅದೇ ಮಾತಾಡುತ್ತದೆ.
ಕೆಂಪು ಶಾಮಿಯಾನದ ಕೆಳಗೆ ಯಾರನ್ನೂ ನಿಲ್ಲಿಸಬೇಡ,
ನೆಂಟರಿಗೆಲ್ಲ ಜ್ವರ ಬಂದ ಹಾಗೆ ಕಾಣುತ್ತದೆ.

ಬಾಳೆ ಕಡಿಯುವುದು ಒಂದೇ ಏಟು.
ಒಡಿಕತ್ತಿ ಮೇಲೇರಿದ್ದು ಕಂಡ ಮೇಲೆ ಒತ್ತಿದರೆ
ನಿನಗೆ ಸಿಗುವುದು ಬಿದ್ದ ಬಾಳೆ, ಊರವರ ಬೆನ್ನು.
ಸೋದರಮಾವನ ಭುಜ ನೋಡು, ಕತ್ತಿಯನ್ನಲ್ಲ,
ಅವನು ಉಸಿರೆಳೆದ ಕ್ಷಣ ಒತ್ತು.
ಮತ್ತೆ, ಅವನ ಬಲಗಡೆ ನಿಲ್ಲಬೇಡ.
ರಾತ್ರಿಯೆಲ್ಲ ಆತ ನಿದ್ದೆ ಮಾಡಿರುವುದಿಲ್ಲ,
ನಿನ್ನ ಉಮ್ಮನಿಗೆ ನಾನು ಉತ್ತರ ಹೇಳಬೇಕು.

ನಗಿ ಎನ್ನಬೇಡ. ಎಂದ ಕೂಡಲೇ
ಹಲ್ಲು ಬರುತ್ತದೆ, ನಗು ಹೋಗುತ್ತದೆ.
ಈ ಸಲ ಕರಿಮೆಣಸು ಎಷ್ಟಾಯಿತು ಎಂದು ಕೇಳು;
ಸುಳ್ಳು ಹೇಳುವ ಮುಂಚಿನ ಮುಖ
ತುಂಬಾ ಚೆನ್ನಾಗಿರುತ್ತದೆ.

ಗಂಗಾಪೂಜೆಯ ಹೊತ್ತಿಗೆ, ತಲೆಯ ಮೇಲೆ ಕೊಡ ಹೊತ್ತು
ಹುಡುಗಿ ಬರುವಾಗ, ಗಂಡಿನ ಕಡೆಯವರು ದಾರಿಗಡ್ಡ ಕುಣಿಯುತ್ತಾರೆ.
ವಾಲಗ ನಿಲ್ಲುವುದಿಲ್ಲ. ಗಂಟೆಗಟ್ಟಲೆ.
ಕುಣಿಯುವವರನ್ನು ಎಲ್ಲರೂ ತೆಗೆಯುತ್ತಾರೆ, ಫೋನಿನಲ್ಲಿ.
ನೀನು ಒಮ್ಮೆ ನೆಲಕ್ಕೆ ಕೂತು ಅವಳ ಪಾದ ನೋಡು,
ಹೆಜ್ಜೆಗೊಂದು ಇಂಚು ಊರು ದಾಟುತ್ತಿರುವ ಪಾದ.
ಫ್ಲ್ಯಾಶ್ ಆರಿಸು. ಅಲುಗಿದರೆ ಅಲುಗಲಿ.

ಇನ್ನೊಂದು. ಇದನ್ನು ಯಾರೂ ಕಲಿಸುವುದಿಲ್ಲ.
ಮುಕ್ಕಾಲಿಯ ಮೇಲೆ ಕೂತ ಜೋಡಿಗೆ ಹಿರಿಯರು
ಅಕ್ಕಿ ಹಾಕಿ, ಕಿಂಡಿಯ ಹಾಲು ಕುಡಿಸಿ ಹೋಗುವಾಗ
ನಮ್ಮ ಲೆನ್ಸು ಜೋಡಿಗೇ ಮೊಳೆ ಹೊಡೆದುಕೊಂಡಿರುತ್ತದೆ,
ಹರಸಲು ಬಂದವರು ಬರೀ ಭುಜ.
ಬಾಳೆಲೆಯ ಚೋಂದಮ್ಮಜ್ಜಿ ಹಾಗೆ ಬಂದು ಹಾಗೆ ಹೋದರು.
ಆ ಮಳೆಗಾಲ ಮುಗಿಯುವ ಮೊದಲು ಮೊಮ್ಮಗ ಸ್ಟುಡಿಯೋಗೆ ಬಂದ:
ಪೇಪರಿಗೆ ಕೊಡಬೇಕಿತ್ತು ಫ್ಲೇವಿಯಾ ಬಾಯಿ, ಅಜ್ಜಿಯದೊಂದು ಫೋಟೋ.
ಕ್ಯಾಮೆರಾ ಕಂಡರೆ ಎದ್ದು ಹೋಗುತ್ತಿದ್ದರಂತೆ.
ಎರಡು ಸಾವಿರದ ನಾನೂರು ಚಿತ್ರ ತಡಕಿದೆ.
ಸಿಕ್ಕಿದ್ದು ಒಂದು ಕೈ.
ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಕಲೆ, ಸಡಿಲ ಬಳೆ,
ಬೆರಳ ಸಂದಿಯಿಂದ ಇನ್ನೂ ನೆಲ ಮುಟ್ಟದ ಅಕ್ಕಿ.
ದೊಡ್ಡದು ಮಾಡಿ ಕೊಟ್ಟೆ. ಅವನಿಟ್ಟ ದುಡ್ಡು
ಸಂಜೆಯವರೆಗೂ ಮೇಜಿನ ಮೇಲೇ ಇತ್ತು.
ಪೇಪರಿನಲ್ಲಿ ಹೆಸರಷ್ಟೇ ಬಂತು.
ಕೈ ಅವರ ಮನೆಯ ಗೋಡೆಯಲ್ಲಿದೆ.

ಅದಕ್ಕೇ, ಊಟದ ಗದ್ದಲಕ್ಕೆ ಮುಂಚೆ
ಪಕ್ಕದ ಬಾಗಿಲಿನ ಒಳಗೆ ಒಂದು ಕುರ್ಚಿ ಹಾಕು,
ಬಿಸಿಲು ಬೀಳದ, ಬೆಳಕು ಬೀಳುವ ಕಡೆ.
ಕೋಲು ಹಿಡಿದವರನ್ನು ಒಬ್ಬೊಬ್ಬರಾಗಿ ಕೂರಿಸು.
ಕನ್ನಡಕದವರಿಗೆ ಗದ್ದ ತುಸು ಕೆಳಗೆ.
ಯಾಕೆಂದು ಕೇಳಿದರೆ ಆಲ್ಬಮ್ಮಿಗೆ ಎನ್ನು.
ಅವರಿಗೆ ಗೊತ್ತಾಗುತ್ತದೆ.
ಯಾರಾದರೊಬ್ಬರು ಮೀಸೆ ತಿರುವಿ,
ಚೆನ್ನಾಗಿ ತೆಗಿ ಮಗಾ, ಪೇಪರಿಗೆ ಹಾಕುವಂಥದ್ದು, ಎನ್ನುತ್ತಾರೆ.
ಆಗ ನೀನು ನಗಬೇಡ.
ಅಥವಾ ನಗು, ಅವರೂ ನಗಲಿ, ಅದೇ ಒಳ್ಳೆಯ ಚಿತ್ರ.

ಪಂದಿಕರಿಯ ಸಾಲು ಬಲಕ್ಕೆ, ನಿನ್ನದು ತರಕಾರಿಯವರ ಜೊತೆ.
ಮೊದಲ ಪಂಕ್ತಿಯಲ್ಲೇ ಉಣ್ಣು, ನಮಗೆ ಎರಡನೆಯದು ಸಿಗುವುದಿಲ್ಲ.
ಕಾರ್ಡು ಎರಡಿವೆಯಲ್ಲ? ಎರಡನ್ನೂ ಖಾಲಿ ಮಾಡಿದೆಯಾ?
ಐದೂವರೆಗೆ ಗಡಿಯಾರ ಕಂಬದ ಕೆಳಗೆ ನಿಂತಿರು.
ದಾರವಿಲ್ಲದ ಶೂ ಹಾಕಿಕೋ,
ದಿನಕ್ಕೆ ಇಪ್ಪತ್ತು ಸಲ ಬಿಚ್ಚಬೇಕಾಗುತ್ತದೆ.